ನಿಮ್ಮ ಸೀಟಿಗೆ ಇನ್ಶೂರೆನ್ಸ್ ಇದೆಯೇ?

ಸ್ವಂತ ಲಾರಿ ಇಟ್ಟುಕೊಂಡು ತಾವೇ ಸ್ಟೇರಿಂಗ್ ಹಿಡಿಯುವ ಅಣ್ಣ ತಮ್ಮಂದಿರಿಗೆ,

ನಾನು ದಾವಣಗೆರೆಯವನು. ಇಪ್ಪತ್ತಾರು ವರ್ಷ ವಾಹನ ವಿಮೆಯ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿ ನೋಡಿ, ಏನೇನು ಹೋಗಿದೆ, ಪಾಲಿಸಿ ಪ್ರಕಾರ ಅದರಲ್ಲಿ ಎಷ್ಟು ಕೊಡಬೇಕು ಎಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಹಿರಿಯೂರಿನಿಂದ ಹಾವೇರಿವರೆಗೆ, ಶಿರಾಡಿಯಿಂದ ಅರೆಬೈಲಿನವರೆಗೆ ಮಗುಚಿದ, ಗುದ್ದಿದ, ಸುಟ್ಟ ಲಾರಿಗಳ ಪಕ್ಕ ನಿಂತಿದ್ದೇನೆ. ನಾನು ಬರೆದ ಮೊತ್ತ ನೋಡಿ ನಿಮ್ಮಲ್ಲಿ ಹಲವರು ನೊಂದುಕೊಂಡಿದ್ದೀರಿ. ಆ ಹೊತ್ತಿನಲ್ಲಿ ವಿವರಿಸಿ ಹೇಳಿದರೂ ಪ್ರಯೋಜನವಿರಲಿಲ್ಲ, ಅಪಘಾತ ಆಗಿಹೋಗಿತ್ತು. ಅದಕ್ಕೇ ಈಗ, ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ, ಬರೆಯುತ್ತಿದ್ದೇನೆ.

ಹರಿಹರದ ಹತ್ತಿರ ಒಂದು ಗ್ಯಾರೇಜು. ಮುಂಭಾಗ ಪೂರ್ತಿ ಒಳಕ್ಕೆ ಹೋಗಿದ್ದ ಲಾರಿಯೊಂದನ್ನು ನೋಡಲು ಹೋಗಿದ್ದೆ. ನಿಂತಿದ್ದ ಇನ್ನೊಂದು ಲಾರಿಗೆ ನಸುಕಿನಲ್ಲಿ ಹಿಂದಿನಿಂದ ಗುದ್ದಿತ್ತು. ಓಡಿಸುತ್ತಿದ್ದವರು ಅಲ್ಲೇ ತೀರಿಕೊಂಡಿದ್ದರು. ಕ್ಯಾಬಿನ್ನಿನಲ್ಲಿ ಕ್ಲಚ್ ಪೆಡಲ್ ಕೆಳಗೆ ಅವರ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು. ಸೀಟಿನ ಹಿಂದೆ ಸ್ಟೀಲ್ ಡಬ್ಬಿ, ಮುಚ್ಚಳ ತೆಗೆದೇ ಇರಲಿಲ್ಲ. ನಾನು ಫೋಟೊ ತೆಗೆದು ಪಟ್ಟಿ ಮಾಡುವವರೆಗೆ ಅವರ ಹೆಂಡತಿ ಹತ್ತನೇ ಕ್ಲಾಸಿನ ಮಗಳ ಜೊತೆ ಬೇವಿನ ಮರದ ಕೆಳಗೆ ಕೂತಿದ್ದರು. ಕೊನೆಗೆ ಅಂದಾಜು ಹೇಳಿದೆ. ಆ ತಾಯಿ ತಲೆ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಗಾಡಿಗೆ ಇಷ್ಟು ಬರುತ್ತೆ ಅಂದ್ರಿ. ಅವರಿಗೆ ಎಷ್ಟು ಬರುತ್ತೆ ಸಾರ್?"

ಏನೂ ಬರುತ್ತಿರಲಿಲ್ಲ. ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಒಂದು ವರ್ಷವೂ ತಪ್ಪಿರಲಿಲ್ಲ. ಆದರೂ ಅವರಿಗೆ ಏನೂ ಬರುತ್ತಿರಲಿಲ್ಲ. ಏಕೆ ಎಂದು ಹೇಳುವುದಕ್ಕೇ ಈ ಪತ್ರ.

ನಮ್ಮ ಕಡೆ "ಫುಲ್ ಇನ್ಶೂರೆನ್ಸ್" ಎಂಬ ಮಾತಿದೆ. ಏಜೆಂಟ್ ಹೇಳುತ್ತಾನೆ, ಫೈನಾನ್ಸ್‌ನವರು ಹೇಳುತ್ತಾರೆ, ನೀವೂ ಹೇಳುತ್ತೀರಿ. ಪಾಲಿಸಿಯಲ್ಲಿ ಮಾತ್ರ ಎಲ್ಲೂ ಆ ಪದ ಇಲ್ಲ. ಅಲ್ಲಿರುವುದು ಬೇರೆ ಬೇರೆ ಭಾಗಗಳು. ಎದುರಿನವರ ಜೀವಕ್ಕೆ ಒಂದು, ನಿಮ್ಮ ಗಾಡಿಗೆ ಒಂದು, ನಿಮ್ಮ ಜೀವಕ್ಕೆ ಒಂದು, ಡ್ರೈವರ್ ಕ್ಲೀನರ್‌ಗೆ ಒಂದು. ಪ್ರತಿಯೊಂದಕ್ಕೂ ಬೇರೆ ಹಣ, ಬೇರೆ ಷರತ್ತು. ಹಣ ಕಟ್ಟದ ಭಾಗ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ.

ಇವುಗಳಲ್ಲಿ ಕಾನೂನು ಕಡ್ಡಾಯ ಮಾಡಿರುವುದು ಮುಖ್ಯವಾಗಿ ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಅದಿಲ್ಲದೆ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಅದರ ದರವನ್ನು ಕಂಪನಿ ಇಡುವುದಿಲ್ಲ, ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಯಾದ ದರಪಟ್ಟಿಯಲ್ಲಿ, ಲೋಡು ಸೇರಿ ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಗೆ ವರ್ಷಕ್ಕೆ 16,049 ರೂಪಾಯಿ, 20,000ದಿಂದ 40,000 ಕೆ.ಜಿ.ಯ ಗಾಡಿಗೆ 43,950 ರೂಪಾಯಿ. ಅಂದರೆ ಹತ್ತು ಚಕ್ರದ ಗಾಡಿ ಇರುವವರು ತೆರಿಗೆ ಬಿಟ್ಟು ಹತ್ತಿರ ಹತ್ತಿರ 44,000 ಕಟ್ಟುತ್ತೀರಿ. ನಿಮ್ಮ ಗಾಡಿಯಿಂದ ಬೇರೆಯವರು ಸತ್ತರೆ, ಗಾಯಗೊಂಡರೆ, ನ್ಯಾಯಮಂಡಳಿ ಎಷ್ಟು ಹೇಳಿದರೂ ಕಂಪನಿ ಕೊಡಬೇಕು, ಮಿತಿ ಇಲ್ಲ. ಇದು ನ್ಯಾಯವಾದ ಏರ್ಪಾಡು. ರಸ್ತೆ ದಾಟುತ್ತಿದ್ದ ಕೂಲಿಯವನ ಮನೆಯವರಿಗೆ ನಿಮ್ಮ ಹೊಲ ಮಾರಿಸಿ ಪರಿಹಾರ ಕೊಡಿಸುವ ಹಾಗೆ ಆಗಬಾರದು. ಎದುರಿನವರ ಆಸ್ತಿಗೆ, ಅಂದರೆ ಕಾರು, ಕರೆಂಟ್ ಕಂಬ, ಟೋಲ್ ಗೇಟು, ಅಂಗಡಿ ಗೋಡೆಗೆ, ವಾಣಿಜ್ಯ ವಾಹನಗಳಿಗೆ ಸಾಮಾನ್ಯವಾಗಿ 7.5 ಲಕ್ಷದ ಮಿತಿ ಇರುತ್ತದೆ. ಸ್ವಲ್ಪ ಪ್ರೀಮಿಯಂ ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿ ಬರೆಸುವುದೂ ಉಂಟು. ನಿಮ್ಮ ಪಾಲಿಸಿಯಲ್ಲಿ ಆ ಅಂಕಿ ಕಂಡರೆ ಮುಂದಿನ ಸಲ ಸರಿಪಡಿಸಿಕೊಳ್ಳಿ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಥರ್ಡ್ ಪಾರ್ಟಿ ಎಂದರೆ ಮೂರನೆಯವನು. ಮೊದಲನೆಯವರು ಮಾಲೀಕರು, ಎರಡನೆಯದು ಕಂಪನಿ. ಮಾಲೀಕನೇ ಓಡಿಸುತ್ತಿದ್ದು, ತಪ್ಪು ಅವನದೇ ಆಗಿ ಅವನೇ ಸತ್ತರೆ ಅವನು ಮೂರನೆಯವನಾಗುವುದಿಲ್ಲ. 44,000 ರೂಪಾಯಿಯ ಆ ಭಾಗದಿಂದ ಅವನ ಮನೆಗೆ ಒಂದು ಪೈಸೆ ಬರುವುದಿಲ್ಲ. ಎದುರಿನ ಗಾಡಿಯ ತಪ್ಪಿದ್ದರೆ ಆ ಗಾಡಿಯ ವಿಮೆಯಿಂದ ಕೇಳಬಹುದು, ಅದು ಬೇರೆ. ತಮ್ಮನೋ ಭಾವಮೈದುನನೋ ನಿಮ್ಮ ಗಾಡಿ ಕೇಳಿ ತೆಗೆದುಕೊಂಡು ಹೋದಾಗಲೂ ಇದೇ ಮಾತು. ಗಾಡಿ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ ಎಂದು ಸುಪ್ರೀಂ ಕೋರ್ಟ್ 2009ರಲ್ಲೂ 2020ರಲ್ಲೂ ಹೇಳಿದೆ.

ಓಡಿಸುವ ಮಾಲೀಕನಿಗೆಂದೇ ಇರುವುದು ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ, ಪಾಲಿಸಿಯಲ್ಲಿ "ಪಿಎ ಓನರ್ ಡ್ರೈವರ್" ಎಂದು ಬರೆದಿರುತ್ತದೆ. ಲಾರಿ ಮಾಲೀಕರಿಗೆ ಮೊದಲು ಬರೀ 2 ಲಕ್ಷ ಇತ್ತು, 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 15 ಲಕ್ಷಕ್ಕೆ ಏರಿಸಿತು. ಸತ್ತರೆ ಪೂರ್ತಿ, ಎರಡು ಕಣ್ಣೋ ಎರಡು ಕೈಕಾಲೋ ಹೋದರೆ ಪೂರ್ತಿ, ಒಂದು ಹೋದರೆ ಅರ್ಧ. ಆಸ್ಪತ್ರೆ ಖರ್ಚು ಇದರಲ್ಲಿ ಸೇರಿಲ್ಲ. ಒಟ್ಟು ಪ್ರೀಮಿಯಂ ಮುಂದೆ ಇದರ ಹಣ ತೀರಾ ಸಣ್ಣದು. ಆದರೂ ಅದನ್ನು ಉಳಿಸಲು ಒಂದು ದಾರಿ ಮಾಡಿಕೊಂಡಿದ್ದಾರೆ. ಈಗಾಗಲೇ 15 ಲಕ್ಷದ ಬೇರೆ ಅಪಘಾತ ಪಾಲಿಸಿ ಇರುವವರಿಗೆ ವಿನಾಯಿತಿ ಇದೆ. ಪಾಲಿಸಿ ಇರಲಿ ಬಿಡಲಿ, "ಇದೆ" ಎಂದು ಗುರುತು ಹಾಕಿಬಿಟ್ಟರೆ ಮುಗಿಯಿತು. ಆ ಗುರುತನ್ನು ಏಜೆಂಟ್ ಹಾಕುತ್ತಾನೆ, ಕೆಳಗೆ ಸಹಿ ನಿಮ್ಮದಿರುತ್ತದೆ. ನೀವು ಉಳಿಸಿದ ಕೆಲವು ನೂರು ರೂಪಾಯಿಗೆ ನಿಮ್ಮ ಮನೆಯವರು 15 ಲಕ್ಷ ಕಳೆದುಕೊಳ್ಳುತ್ತಾರೆ. ಇದನ್ನು ನಾನು ಒಂದಲ್ಲ, ಹತ್ತಾರು ಪಾಲಿಸಿಗಳಲ್ಲಿ ಕಂಡಿದ್ದೇನೆ.

ಹರಿಹರದ ಆ ಮನೆಯಲ್ಲಿ ಆಗಿದ್ದು ಇದಲ್ಲ, ಇನ್ನೊಂದು. ಲಾರಿ ಹೆಂಡತಿಯ ಹೆಸರಿನಲ್ಲಿತ್ತು. ಸಾಲಕ್ಕೆ ಸುಲಭವಾಗಲಿ ಎಂದೋ, ಮನೆಯವಳ ಹೆಸರಿನಲ್ಲಿ ಒಂದು ಆಸ್ತಿ ಇರಲಿ ಎಂಬ ಪ್ರೀತಿಗೋ ಹಾಗೆ ಮಾಡುತ್ತೀರಿ. ಮಾಲೀಕರ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ ಮಾತ್ರ, ಅದೂ ಅವರ ಹತ್ತಿರ ಲೈಸೆನ್ಸ್ ಇದ್ದರೆ. ಆ ತಾಯಿಗೆ ಲೈಸೆನ್ಸ್ ಇರಲಿಲ್ಲ, ಹಾಗಾಗಿ ಆ ಭಾಗವನ್ನೇ ಬರೆದಿರಲಿಲ್ಲ. ಗಂಡ ಮಾಲೀಕನೂ ಅಲ್ಲ, ಸಂಬಳದ ಡ್ರೈವರೂ ಅಲ್ಲ. ಗಂಡ ಹೆಂಡತಿಯ ಹತ್ತಿರ ಸಂಬಳಕ್ಕಿದ್ದ ಎಂದು ಸಾಬೀತು ಮಾಡಲು ಹೊರಟವರನ್ನೂ ನೋಡಿದ್ದೇನೆ, ಬಹಳ ಕಷ್ಟದ ದಾರಿ ಅದು. ನಿಮ್ಮ ಗಾಡಿ ಹೆಂಡತಿ, ತಾಯಿ, ಅಣ್ಣ, ಯಾರ ಹೆಸರಿನಲ್ಲೇ ಇರಲಿ, ಓಡಿಸುವ ನಿಮ್ಮ ಹೆಸರಿಗೆ ಬೇರೆಯಾಗಿ ಒಂದು ಅಪಘಾತ ಪಾಲಿಸಿ ಮಾಡಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ವಿಮೆ 2 ಲಕ್ಷ ಕೊಡುತ್ತದೆ, ಅದೂ ಇರಲಿ. ಖಾಸಗಿ ವಾಣಿಜ್ಯ ವಾಹನಗಳ ಚಾಲಕರು, ಕ್ಲೀನರುಗಳಿಗೆ ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೂ ಇದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಬನ್ನಿ.

ಇನ್ನು ಗಾಡಿಯ ವಿಷಯ. ಸರ್ವೇಯರ್ ಹಣ ತಿಂದ ಎಂಬ ಅನುಮಾನ ಹುಟ್ಟುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ಲೆಕ್ಕ ಬಿಡಿಸಿ ಹೇಳುತ್ತೇನೆ.

ಮಳೆಗಾಲದ ಒಂದು ಮಧ್ಯಾಹ್ನ ಶಿರಾಡಿಯಲ್ಲಿ, ದೋಣಿಗಲ್ ದಾಟಿ ಇಳಿಜಾರಿನಲ್ಲಿ, ಈರುಳ್ಳಿ ಹೇರಿಕೊಂಡು ಮಂಗಳೂರಿಗೆ ಹೊರಟಿದ್ದ ಲಾರಿ ಎಡಕ್ಕೆ ಮಗುಚಿತ್ತು. ಮಾಲೀಕರಿಗೆ ತರಚು ಗಾಯ ಅಷ್ಟೇ. ತಲೆಗೆ ಟವೆಲ್ ಸುತ್ತಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಪಾಲಿಸಿ ತೆಗೆದು ಕೊಟ್ಟು, "ಫುಲ್ ಐತಿ ಸಾರ್" ಅಂದರು. ಗಾಡಿಗೆ ಆರು ವರ್ಷ ಆಗಿತ್ತು. ಪಾಲಿಸಿಯಲ್ಲಿ ಐಎಂಟಿ 23 ಎಂಬ ನಂಬರ್ ಇರಲಿಲ್ಲ.

ವಾಣಿಜ್ಯ ವಾಹನದ ಪಾಲಿಸಿಯಲ್ಲಿ ಹೆಡ್‌ಲೈಟು, ಬಂಪರು, ಮಡ್‌ಗಾರ್ಡು, ಬಾನೆಟ್ಟಿನ ಪಕ್ಕದ ಭಾಗ, ಟೈರು ಟ್ಯೂಬು, ಪೇಂಟು, ಇವಕ್ಕೆ ಸಾಮಾನ್ಯವಾಗಿ ರಕ್ಷಣೆಯೇ ಇಲ್ಲ. ಇಡೀ ಗಾಡಿಯೇ ಹೋದಾಗ ಮಾತ್ರ ಲೆಕ್ಕಕ್ಕೆ ಬರುತ್ತವೆ. ಗಾಡಿಯ ಭಾಗದ ಪ್ರೀಮಿಯಂ ಮೇಲೆ 15% ಹೆಚ್ಚಿಗೆ ಕೊಟ್ಟು ಐಎಂಟಿ 23 ಸೇರಿಸಿಕೊಂಡರೆ ಆ ಸಾಮಾನುಗಳ ಅರ್ಧ ಬೆಲೆ ಸಿಗುತ್ತದೆ. ಲಾರಿ ಗುದ್ದಿದಾಗ ಮೊದಲು ಹೋಗುವುದೇ ಇವು! ಜೊತೆಗೆ ಸವಕಳಿ ಕಡಿತ. ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೆ ಅರ್ಧ ಕಡಿತ. ಕಬ್ಬಿಣದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ, ಐದರಿಂದ ಹತ್ತು ವರ್ಷದ ಗಾಡಿಗೆ 40%, ಹತ್ತು ದಾಟಿದರೆ 50%. ಗಾಜಿಗೆ ಕಡಿತ ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು ಒಂದು ಬಿಲ್ಲು ಇಟ್ಟುಕೊಳ್ಳೋಣ. ಕಬ್ಬಿಣದ ಸಾಮಾನು 2 ಲಕ್ಷ, ರಬ್ಬರ್ ಪ್ಲಾಸ್ಟಿಕ್ 50,000, ಗಾಜು 20,000, ಮಜೂರಿ 60,000, ಬಂಪರ್ ಹೆಡ್‌ಲೈಟ್ ಪೇಂಟ್ ವಗೈರೆ 80,000. ಒಟ್ಟು 4,10,000. ಆರು ವರ್ಷದ ಗಾಡಿಗೆ ಇದರಲ್ಲಿ ಸಿಗುವುದು 1,20,000, 25,000, 20,000, 60,000. ಕೊನೆಯ 80,000ಕ್ಕೆ ಸೊನ್ನೆ. ಒಟ್ಟು 2,25,000. ಐಎಂಟಿ 23 ಇದ್ದಿದ್ದರೆ ಇನ್ನೂ 40,000 ಸೇರುತ್ತಿತ್ತು. ಮಾಲೀಕರೇ ಮೊದಲು ಹೊರಬೇಕಾದ ಒಂದು ಸಣ್ಣ ಮೊತ್ತ ಇದರಲ್ಲಿ ಮತ್ತೆ ಹೋಗುತ್ತದೆ. ಗ್ಯಾರೇಜಿನವನು ಪೂರ್ತಿ 4,10,000 ಕೇಳುತ್ತಾನೆ.

ಘಟ್ಟದಿಂದ ಆ ಗಾಡಿ ಎತ್ತಿಸಲು ಕ್ರೇನ್‌ನವರು ಕೇಳಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಎಳೆದುಕೊಂಡು ಹೋಗುವ ಖರ್ಚಿಗೆ ಸಾಮಾನ್ಯ ಪಾಲಿಸಿಯಲ್ಲಿ ಲಾರಿಗಿರುವ ಮಿತಿ 2,500 ರೂಪಾಯಿ. ಘಟ್ಟದಲ್ಲಿ ಆ ಹಣಕ್ಕೆ ಕ್ರೇನ್ ಸ್ಟಾರ್ಟ್ ಕೂಡ ಆಗುವುದಿಲ್ಲ. ಹೆಚ್ಚಿನ ಟೋಯಿಂಗ್ ಮೊತ್ತವನ್ನು ಪಾಲಿಸಿ ಮಾಡಿಸುವಾಗಲೇ ಸೇರಿಸಿಕೊಳ್ಳಬಹುದು. ಘಟ್ಟ ಹತ್ತಿ ಇಳಿಯುವವರು ಇದನ್ನು ಬಿಡಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಾಲಿಸಿಯಲ್ಲಿ ಐಡಿವಿ ಎಂದು ಒಂದು ಅಂಕಿ ಇರುತ್ತದೆ. ಗಾಡಿ ಕಳವಾದರೆ, ಅಥವಾ ರಿಪೇರಿ ಖರ್ಚು ಆ ಅಂಕಿಯ 75% ದಾಟಿದರೆ ನಿಮಗೆ ಸಿಗುವ ಗರಿಷ್ಠ ಮೊತ್ತ ಅದೇ. ಐದು ವರ್ಷ ದಾಟಿದ ಗಾಡಿಗೆ ಅದು ನೀವೂ ಕಂಪನಿಯೂ ಮಾತಾಡಿ ಒಪ್ಪುವ ಬೆಲೆ. ಪ್ರೀಮಿಯಂ ಕಡಿಮೆ ತೋರಿಸಲು ಇದನ್ನೇ ಇಳಿಸುವುದು. ಚಾಸಿ ಕೊಂಡು ಬಾಡಿ ಕಟ್ಟಿಸಿದವರು ಇನ್ನೊಂದು ನೋಡಬೇಕು. ಶೋರೂಮಿನ ಬಿಲ್ಲಿನಲ್ಲಿ ಇರುವುದು ಚಾಸಿಯ ಬೆಲೆ ಮಾತ್ರ. ನೀವು ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ಬಾಡಿಯ ಬಿಲ್ಲು ಕೊಟ್ಟು ಪಾಲಿಸಿಯಲ್ಲಿ ಸೇರಿಸದಿದ್ದರೆ ಗಾಡಿ ಸುಟ್ಟುಹೋದ ದಿನ ಬಾಡಿಗೆ ಬೆಲೆಯೇ ಇರುವುದಿಲ್ಲ. ಸಿಕ್ಕ ಹಣವೂ ಮೊದಲು ಫೈನಾನ್ಸ್‌ನವರ ಸಾಲಕ್ಕೆ ಜಮೆಯಾಗಿ, ಉಳಿದರೆ ನಿಮಗೆ.

ಇನ್ನೊಂದು ಮಾತು ಡ್ರೈವರ್ ಕೆಲಸದವರಿಗೂ ಹೇಳಿಬಿಡಿ. ಕಲ್ಲಿಗೆ ತಾಗಿ ಆಯಿಲ್ ಚೇಂಬರ್ ಒಡೆದಾಗ ಅಲ್ಲೇ ನಿಲ್ಲಿಸಬೇಕು. ಮುಂದಿನ ಊರಿನವರೆಗೆ ಓಡಿಸೋಣ ಎಂದು ಹೊರಟು ಎಂಜಿನ್ ಸೀಜ್ ಆದರೆ ಚೇಂಬರಿನ ಹಣ ಸಿಗುತ್ತದೆ, ಎಂಜಿನ್ನಿನದು ಸಿಗುವುದಿಲ್ಲ. ಅದು ಅಪಘಾತದಿಂದ ಆದದ್ದಲ್ಲ, ಆಮೇಲೆ ಓಡಿಸಿದ್ದರಿಂದ ಆದದ್ದು ಎನ್ನುತ್ತಾರೆ, ಪಾಲಿಸಿಯ ಮಾತೂ ಹಾಗೆಯೇ ಇದೆ.

ಲೋಡಿನ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದೀರಿ. ಗಾಡಿಯ ಪಾಲಿಸಿ ಗಾಡಿಯೊಳಗಿನ ಮಾಲಿಗೆ ಅನ್ವಯಿಸುವುದಿಲ್ಲ, ಅಡಿಕೆಯಾಗಲಿ, ಸಿಮೆಂಟಾಗಲಿ, ಬೆಲ್ಲವಾಗಲಿ. ಶಿರಾಡಿಯ ಆ ಈರುಳ್ಳಿ ಮಳೆಯಲ್ಲಿ ಕೊಳೆತದ್ದಕ್ಕೆ ನಾನು ಒಂದು ಸಾಲೂ ಬರೆಯುವ ಹಾಗಿರಲಿಲ್ಲ. ಮಾಲಿನವರು ಮಾಡಿಸುವ ಸಾಗಣೆ ವಿಮೆ ಬೇರೆ. "ಪಾರ್ಟಿಯವರು ಇನ್ಶೂರೆನ್ಸ್ ಮಾಡಿಸ್ಯಾರ, ನಮಗೇನು" ಎಂದು ಸುಮ್ಮನಿರುವಂತಿಲ್ಲ. ಆ ಕಂಪನಿ ಮಾಲಿನವರಿಗೆ ಹಣ ಕೊಟ್ಟು, ಅವರ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡು ಸಾಗಿಸಿದವರ ಮೇಲೆ ವಸೂಲಿಗೆ ಬರಬಹುದು. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಸಾಗಣೆದಾರರ ಹೊಣೆಗೆ ಒಂದು ಮಿತಿ ಇಟ್ಟಿದೆ. ಮಾಲಿನ ಬೆಲೆ ಹೆಚ್ಚೆಂದು ಬರೆಸಿರದಿದ್ದರೆ ಬಾಡಿಗೆಯ ಹತ್ತು ಪಟ್ಟು. ಆದರೆ ನಿಮ್ಮ ಮಟ್ಟಿಗೆ ನಡೆಯುವುದು ಕೋರ್ಟಿನ ಮಾತಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಕಿ ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ಬೆಲೆಬಾಳುವ ಲೋಡು ಪದೇಪದೇ ಹೊಡೆಯುವವರಿಗೆ ಸಾಗಣೆದಾರರ ಹೊಣೆಯ ಪಾಲಿಸಿ ಎಂದೇ ಬೇರೆ ಇದೆ, ಅದನ್ನು ವಿಚಾರಿಸಿ.

ಲೋಡಿನ ಮೇಲೆ ಜನ ಹತ್ತಿಸುವ ವಿಷಯ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಹತ್ತಿರ ಲಾರಿ ಕಂದಕಕ್ಕೆ ಉರುಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು ತರಕಾರಿ ವ್ಯಾಪಾರಿಗಳಲ್ಲಿ ಹತ್ತು ಜನ ತೀರಿಕೊಂಡರು. ತಮ್ಮ ಮಾಲಿನ ಜೊತೆಯೇ ಹೊರಟ ಬಡ ವ್ಯಾಪಾರಿಗಳು. 1994ರ ತಿದ್ದುಪಡಿಯಿಂದ ಮಾಲಿನ ಯಜಮಾನನೋ ಅವನ ಪ್ರತಿನಿಧಿಯೋ ಗಾಡಿಯಲ್ಲಿದ್ದರೆ ಥರ್ಡ್ ಪಾರ್ಟಿ ವಿಮೆಯೊಳಗೆ ಬರುತ್ತಾರೆ. ಆದರೆ ಅವರು ಕ್ಯಾಬಿನ್ನಿನಲ್ಲಿ ಕೂತಿರಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಸುಮ್ಮನೆ ಹತ್ತಿಸಿಕೊಂಡವರಿಗೆ, ಮದುವೆ ದಿಬ್ಬಣದವರಿಗೆ ಕಂಪನಿಯ ಹೊಣೆ ಇಲ್ಲ ಎಂಬುದು ಮೊದಲೇ ತೀರ್ಮಾನವಾಗಿದೆ. ಯಾರಾದರೂ ಕೈ ಅಡ್ಡ ಹಾಕಿದಾಗ ಇದನ್ನು ನೆನೆಯಿರಿ. ಅವರ ಜೀವಕ್ಕೂ ನಿಮ್ಮ ಮನೆಗೂ ಅಲ್ಲಿ ಯಾವ ಕಾವಲೂ ಇಲ್ಲ.

ಕಾಗದ ಪತ್ರದ ಮಾತು ನಿಮಗೆ ಗೊತ್ತಿರುವುದೇ, ಬೇಗ ಹೇಳುತ್ತೇನೆ. ಕ್ಲೀನರ್ ಹುಡುಗನ ಕೈಗೆ ಗಾಡಿ ಕೊಟ್ಟು "ಸ್ವಲ್ಪ ರಿವರ್ಸ್ ತಗೋ" ಅನ್ನಬೇಡಿ. ಅವನಿಗೆ ಲೈಸೆನ್ಸ್ ಇಲ್ಲದೆ ಯಾರಿಗಾದರೂ ಏನಾದರೂ ಆದರೆ ಕಂಪನಿ ಮೊದಲು ಅವರಿಗೆ ಹಣ ಕೊಟ್ಟು, ಆಮೇಲೆ ನಿಮ್ಮಿಂದ ವಸೂಲು ಮಾಡುವಂತೆ ಆದೇಶ ಬರಬಹುದು. ಪರ್ಮಿಟ್ ಇಲ್ಲದ ಗಾಡಿಗೂ ಹಾಗೇ ಆಗಿದೆ, 2018ರ ತೀರ್ಪು. ಎಫ್‌ಸಿ ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸಣ್ಣ ಗಾಡಿಯವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಲೈಸೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ಎಂದಿಲ್ಲ ಎಂದು ಅಂಥ ಗಾಡಿಯ ಕ್ಲೇಮು ತಳ್ಳಿದರೆ ಒಪ್ಪಿಕೊಳ್ಳಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು 14 ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲೇಬೇಕು. ಮಾರಿದವರು ಆರ್‌ಸಿಯಿಂದ ಹೆಸರು ತೆಗೆಸುವವರೆಗೆ ನೆಮ್ಮದಿಯಾಗಿ ಮಲಗುವ ಹಾಗಿಲ್ಲ. ಹೆಸರಿದ್ದಷ್ಟು ದಿನ ಕೋರ್ಟಿನ ಕಣ್ಣಿಗೆ ನೀವೇ ಮಾಲೀಕರು.

ಓವರ್‌ಲೋಡು ನಿಮ್ಮ ಹಣೆಗೆ ಅಂಟಿಸಿದ ಅಪವಾದ. ಬಾಡಿಗೆ ಏರದೆ ಡೀಸೆಲ್ ಏರಿದರೆ ಮನುಷ್ಯ ಎರಡು ಟನ್ ಹೆಚ್ಚಿಗೆ ಹಾಕಿಕೊಳ್ಳದೆ ಏನು ಮಾಡಿಯಾನು ಎಂದು ನನಗೂ ಅನಿಸಿದೆ. ಆದರೂ ದಂಡ 20,000, ಮೇಲೆ ಪ್ರತಿ ಟನ್ನಿಗೆ 2,000. ಕ್ಲೇಮಿಗೂ ಅದು ಅಡ್ಡ ಬರುತ್ತದೆ. ಷರತ್ತು ಮೀರಿದೆ ಎಂದು ಪೂರ್ತಿ ತಿರಸ್ಕರಿಸುವ ಬದಲು 75%ವರೆಗೆ ಕೊಡುವ ರೂಢಿಯೊಂದಿದೆ, 2010ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಸೊನ್ನೆ ಎಂದು ಪತ್ರ ಬಂದರೆ ಇದನ್ನು ಕೇಳಿ.

ಕಳವಾದ ಗಾಡಿಯ ಬಗ್ಗೆ ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದು, ಕಂಪನಿಗೆ ಹೇಳುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿದರೂ ಸುಮ್ಮನಿರಬೇಡಿ, ಅದು ಸರಿಯಲ್ಲ ಎಂದು 2020ರಲ್ಲಿ ತೀರ್ಪಾಗಿದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಒಬ್ಬರೇ ಮಾಲೀಕರಾದ ಸಣ್ಣ ವಹಿವಾಟಿನವರೂ ಹೋಗಬಹುದು, 50 ಲಕ್ಷದವರೆಗಿನ ತಕರಾರು, ಫೀಸು ಇಲ್ಲ, ವಕೀಲರು ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕರ ಆಯೋಗ ಜಿಲ್ಲೆಯಲ್ಲೇ ಇದೆ. ನಮ್ಮ ಸರ್ವೇಯರುಗಳ ವರದಿಯ ನಕಲನ್ನೂ ಕೇಳಿ ಪಡೆಯಿರಿ, ಯಾವ ಸಾಲಿಗೆ ಎಷ್ಟು ಕಡಿದರು ಎಂದು ಅದರಲ್ಲೇ ಕಾಣುತ್ತದೆ.

ಹರಿಹರದ ಆ ಹುಡುಗಿ ಈಗ ರಾಣೆಬೆನ್ನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಲಾರಿ ಮಾರಿ ಸಾಲ ತೀರಿಸಿದರು. ಹೋದ ವರ್ಷ ಅವಳ ಸೋದರಮಾವ ಒಂದು ಹಳೇ ಗಾಡಿ ಕೊಂಡಾಗ ಪಾಲಿಸಿ ಹಿಡಿದುಕೊಂಡು ಅವಳೇ ನನ್ನ ಮನೆಗೆ ಬಂದಿದ್ದಳು. ಮೊದಲು ಬೆರಳಿಟ್ಟು ತೋರಿಸಿದ್ದು ಪಿಎ ಓನರ್ ಡ್ರೈವರ್ ಎಂಬ ಸಾಲನ್ನು. "ಇದು ಮಾಮನ ಹೆಸರಿನಲ್ಲೇ ಇದೆ ಅಲ್ವಾ ಸಾರ್, ಲೈಸೆನ್ಸೂ ಇದೆ" ಅಂದಳು. ಇತ್ತು. ಐಎಂಟಿ 23 ಇರಲಿಲ್ಲ, ಅದನ್ನು ಸೇರಿಸಲು ಹೇಳಿ ಕಳಿಸಿದೆ.

ನೀವೂ ಬನ್ನಿ. ರಿನ್ಯೂವಲ್‌ಗೆ ಹಣ ಕಟ್ಟುವ ಮೊದಲು ಹಳೇ ಪಾಲಿಸಿ, ಆರ್‌ಸಿ, ಲೈಸೆನ್ಸ್ ಮೂರನ್ನೂ ತನ್ನಿ. ದಾವಣಗೆರೆಯಲ್ಲಿ ಲೋಡು ಇಳಿಸಿ ಕಾಯುವ ಹೊತ್ತಾದರೂ ಸರಿ. ಸಂಜೆ ನಾಲ್ಕರ ಮೇಲೆ ಮನೆಯಲ್ಲೇ ಇರುತ್ತೇನೆ, ಸಾಲು ಸಾಲಾಗಿ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಗಾಡಿಗಳನ್ನು ನೋಡುತ್ತಿದ್ದ ಒಬ್ಬ ನಿವೃತ್ತ ಸರ್ವೇಯರ್
ದಾವಣಗೆರೆ